ಮತಪೆಟ್ಟಿಗೆಯಲ್ಲಿ ಬೆಲೆ ಕಳೆದುಕೊಂಡ ಬೆಳೆ

ತರಬೇತಿ ಶಿಬಿರಗಳಲ್ಲಿ, ಕ್ಷೇತ್ರೋತ್ಸವಗಳಲ್ಲಿ ಭಾಷಣಗಳೆಲ್ಲ ಮುಗಿದು ಊಟಕ್ಕೆ ಕುಳಿತಾಗ ಈಚೆಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತಿದೆ. "ಸಾರ್, ಅಮೆರಿಕದಲ್ಲಿ ಗಾಂಜಾ ಬೆಳೆಯುವುದಕ್ಕೆ ಸರ್ಕಾರವೇ ಲೈಸೆನ್ಸ್ ಕೊಡುತ್ತದಂತೆ. ಅಲ್ಲಿನ ರೈತರು ಅದರಿಂದಲೇ ಶ್ರೀಮಂತರಾಗಿದ್ದಾರಂತೆ. ನಮಗೆ ಮಾತ್ರ ಏಕೆ ಬೇಡ?" ಎಂದು. ಕೇಳುವವರು ಅರ್ಧ ತಮಾಷೆಗೆ ಕೇಳುತ್ತಾರೆ. ಆದರೆ ಮೆಕ್ಕೆಜೋಳದ ಬೆಲೆ, ಈರುಳ್ಳಿಯ ಬೆಲೆ ನೋಡಿ ಬೇಸತ್ತವರ ಪ್ರಶ್ನೆಯಲ್ಲಿ ಉಳಿದರ್ಧ ತಮಾಷೆ ಇರುವುದಿಲ್ಲ.

ಆದ್ದರಿಂದ ಈ ಪ್ರಶ್ನೆಗೆ ನಕ್ಕು ಸುಮ್ಮನಾಗುವುದು ಸರಿಯಲ್ಲ. ಪ್ರಶ್ನೆಯ ಮೊದಲನೆಯ ಭಾಗ ನಿಜ. ಅಮೆರಿಕಾ ಸಂಯುಕ್ತ ಸಂಸ್ಥಾನದ 24 ರಾಜ್ಯಗಳು 2024ರ ವೇಳೆಗೆ ವಯಸ್ಕರ ಬಳಕೆಗೆ ಗಾಂಜಾವನ್ನು ಕಾನೂನುಬದ್ಧಗೊಳಿಸಿದ್ದವು. ಎರಡನೆಯ ಭಾಗ, ಅಂದರೆ ರೈತರು ಶ್ರೀಮಂತರಾದರೆಂಬುದು, ಬಹುಮಟ್ಟಿಗೆ ಸುಳ್ಳು. ಅಲ್ಲಿ ಈ ಬೆಳೆಯನ್ನು ಹಿಂದಿನಿಂದ ಬೆಳೆಯುತ್ತಿದ್ದ ಸಣ್ಣ ಹಿಡುವಳಿದಾರರಲ್ಲಿ ಅನೇಕರು ಕಾನೂನಿನ ಒಪ್ಪಿಗೆ ಸಿಕ್ಕಿದ ಮೇಲೆಯೇ ಸೋತರು. ಇದು ಹೇಗಾಯಿತೆಂಬುದನ್ನು ಕ್ಯಾಲಿಫೋರ್ನಿಯಾ ರಾಜ್ಯದ ಉದಾಹರಣೆಯಿಂದ ವಿವರಿಸುವುದೇ ಈ ಲೇಖನದ ಉದ್ದೇಶ. ಈ ಬೆಳೆಯನ್ನು ಬೆಳೆಯಿರೆಂದು ಇಲ್ಲಿ ಯಾರಿಗೂ ಶಿಫಾರಸು ಮಾಡುತ್ತಿಲ್ಲ. ನಮ್ಮ ದೇಶದಲ್ಲಿ ಅದು ಜೈಲುಶಿಕ್ಷೆಗೆ ಗುರಿಮಾಡುವ ಅಪರಾಧ. ಆ ವಿಷಯವನ್ನು ಕೊನೆಯಲ್ಲಿ ಸ್ಪಷ್ಟಪಡಿಸಲಾಗಿದೆ.

ಬೆಳೆಯ ಪರಿಚಯ

ಗಾಂಜಾ ಅಥವಾ ಭಂಗಿ ಒಂದು ವಾರ್ಷಿಕ ಗಿಡ. ಪರಂಗಿಯಲ್ಲಿರುವಂತೆ ಇದರಲ್ಲಿಯೂ ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಮತ್ತು ತರುವ ಅಂಶವು ಮುಖ್ಯವಾಗಿ ಹೆಣ್ಣು ಗಿಡದ ಹೂಗೊಂಚಲಿನ ಮೇಲಿರುವ ಅಂಟು ಸೂಸುವ ಸಣ್ಣ ರೋಮಗಳಲ್ಲಿ ಶೇಖರವಾಗುತ್ತದೆ. ಪರಾಗಸ್ಪರ್ಶವಾಗಿ ಬೀಜ ಕಟ್ಟಿದರೆ ಹೂವಿನ ಬೆಲೆ ಬಿದ್ದುಹೋಗುತ್ತದೆ. ಆದ್ದರಿಂದ ಬೆಳೆಗಾರರು ಗಂಡು ಗಿಡಗಳನ್ನು ಮೊದಲೇ ಗುರುತಿಸಿ ಕಿತ್ತುಹಾಕುತ್ತಾರೆ. ಹಗಲು ಚಿಕ್ಕದಾಗುತ್ತ ಬಂದಂತೆ ಹೂಬಿಡುವ ಸ್ವಭಾವ ಇದರದು. ಕ್ಯಾಲಿಫೋರ್ನಿಯಾದ ಬಯಲಿನಲ್ಲಿ ಬೇಸಿಗೆಯ ಮೊದಲಲ್ಲಿ ನಾಟಿ ಮಾಡಿದ ಗಿಡಗಳು ಸೆಪ್ಟೆಂಬರಿನಿಂದ ನವೆಂಬರಿನ ಒಳಗೆ ಕೊಯ್ಲಿಗೆ ಬರುತ್ತವೆ. ಕೊಯ್ದ ಮೇಲೆ ನೆರಳಿನಲ್ಲಿ ಒಣಗಿಸಿ, ಒಂದೊಂದೇ ಗೊಂಚಲಿನ ಎಲೆಗಳನ್ನು ಕತ್ತರಿಯಿಂದ ಸವರಿ ತೆಗೆಯಬೇಕು. ಹೆಚ್ಚು ಕೂಲಿ ಬೇಡುವ ಕೆಲಸ ಇದೇ.

ಆ ರಾಜ್ಯದ ಉತ್ತರ ಭಾಗದಲ್ಲಿ ಹಂಬೋಲ್ಟ್, ಮೆಂಡೊಸಿನೊ, ಟ್ರಿನಿಟಿ ಎಂಬ ಮೂರು ಕೌಂಟಿಗಳಿವೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹ ಆಡಳಿತ ಘಟಕ. ಬೆಟ್ಟ, ಕಣಿವೆ, ದಟ್ಟವಾದ ಕಾಡು. ಮಳೆಯೆಲ್ಲ ಚಳಿಗಾಲದಲ್ಲಿ, ಬೇಸಿಗೆ ಸಂಪೂರ್ಣ ಒಣ. ಮರ ಕಡಿಯುವ ಉದ್ಯಮವೇ ಅಲ್ಲಿಯ ಜನರಿಗೆ ಜೀವನಾಧಾರವಾಗಿತ್ತು. 1960ರ ದಶಕದ ಕೊನೆ ಮತ್ತು 1970ರ ದಶಕದಲ್ಲಿ ಪಟ್ಟಣ ಬಿಟ್ಟು ಬಂದ ಯುವಕರು ಇಲ್ಲಿ ಅಗ್ಗದ ಜಮೀನು ಕೊಂಡು ನೆಲೆಸಿದರು, ಮನೆಯ ಹಿಂದೆ ಗಾಂಜಾ ಹಾಕಿದರು. ಮರದ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದಂತೆ ಇದೇ ಅಲ್ಲಿಯ ಮುಖ್ಯ ಬೆಳೆಯಾಯಿತು. ಈ ಮೂರು ಕೌಂಟಿಗಳನ್ನು ಒಟ್ಟಾಗಿ 'ಪಚ್ಚೆಯ ತ್ರಿಕೋನ'ವೆಂದು ಕರೆಯುವ ರೂಢಿ ಬಂದಿತು.

ಬೆಲೆ ಎಲ್ಲಿಂದ ಬಂದಿತು?

ಒಂದು ಕಾಲಕ್ಕೆ ಈ ಪ್ರದೇಶದ ಬೆಳೆಗಾರರಿಗೆ ಒಂದು ಪೌಂಡಿಗೆ, ಅಂದರೆ ಸುಮಾರು 450 ಗ್ರಾಂ ಒಣ ಹೂವಿಗೆ, 4,000 ಡಾಲರಿಗೂ ಹೆಚ್ಚು ಬೆಲೆ ಸಿಗುತ್ತಿತ್ತು. ರೈತನಾದವನು ಇಲ್ಲಿ ನಿಂತು ಯೋಚಿಸಬೇಕು. ಒಂದು ಕಳೆಯಂತೆ ಬೆಳೆಯುವ ಗಿಡಕ್ಕೆ ಈ ಬೆಲೆ ಹೇಗೆ ಬಂದಿತು? ಗೊಬ್ಬರ, ನೀರು, ಕೂಲಿ ಎಲ್ಲವನ್ನೂ ಕೂಡಿಸಿದರೂ ಉತ್ಪಾದನಾ ವೆಚ್ಚ ಅದರ ಹತ್ತಿರಕ್ಕೂ ಬರುವುದಿಲ್ಲ.

ಉತ್ತರ ಸರಳವಾಗಿದೆ. ಅದು ಬಹುಮಟ್ಟಿಗೆ ಭಯಕ್ಕೆ ಕೊಟ್ಟ ಬೆಲೆ. ಕ್ಯಾಲಿಫೋರ್ನಿಯಾ ಈ ಗಿಡವನ್ನು 1913ರಲ್ಲಿಯೇ ನಿಷೇಧಿಸಿತ್ತು. 1970ರ ಕೇಂದ್ರ ಕಾನೂನು ಇದನ್ನು ಅತ್ಯಂತ ಕಟ್ಟುನಿಟ್ಟಾದ ಪಟ್ಟಿಗೆ ಸೇರಿಸಿತು. 1983ರಿಂದ ಪ್ರತಿ ಸುಗ್ಗಿಯ ಕಾಲದಲ್ಲಿ ಪೊಲೀಸರು ಹೆಲಿಕಾಪ್ಟರಿನಲ್ಲಿ ಬಂದು ತೋಟಗಳನ್ನು ಪತ್ತೆಹಚ್ಚಿ ಗಿಡಗಳನ್ನು ಕಿತ್ತುಹಾಕುವ ಕಾರ್ಯಾಚರಣೆ ಆರಂಭವಾಯಿತು. ಹಿಡಿಯಲ್ಪಟ್ಟವನಿಗೆ ಸೆರೆಮನೆ. ಉಳಿದವನಿಗೆ ಒಳ್ಳೆಯ ಬೆಲೆ. ದೊಡ್ಡ ಬಂಡವಾಳದ ಕಂಪನಿಗಳು ಈ ಭಯದಿಂದಲೇ ಈ ಬೆಳೆಯ ಹತ್ತಿರ ಸುಳಿಯಲಿಲ್ಲ. ಹೀಗೆ ನಿಷೇಧವೇ ಸಣ್ಣ ಬೆಳೆಗಾರನ ಹೊಲಕ್ಕೆ ಬೇಲಿಯಾಗಿತ್ತು. ಆ ಬೇಲಿಯನ್ನು ತಾನೇ ಕಟ್ಟಿದ್ದಲ್ಲವೆಂಬುದು ಅವನಿಗೆ ಬೇಲಿ ಬಿದ್ದ ದಿನ ಗೊತ್ತಾಯಿತು.

ಜನರೇ ಕಾನೂನು ಮಾಡುವ ಪದ್ಧತಿ

ನಮ್ಮಲ್ಲಿ ಕಾನೂನು ಮಾಡುವವರು ನಾವು ಆರಿಸಿ ಕಳಿಸಿದ ಶಾಸಕರು ಮತ್ತು ಸಂಸದರು. ಕ್ಯಾಲಿಫೋರ್ನಿಯಾದಲ್ಲಿ ಇದರ ಜೊತೆಗೆ ಇನ್ನೊಂದು ದಾರಿ 1911ರಿಂದ ಇದೆ. ಯಾರು ಬೇಕಾದರೂ ಒಂದು ಕಾನೂನಿನ ಕರಡನ್ನು ಬರೆದು, ಹಿಂದಿನ ರಾಜ್ಯಪಾಲರ ಚುನಾವಣೆಯಲ್ಲಿ ಬಿದ್ದ ಮತಗಳ ಶೇಕಡಾ 5ರಷ್ಟು ಮತದಾರರ ಸಹಿ ಸಂಗ್ರಹಿಸಿದರೆ, ಅದನ್ನು ಮುಂದಿನ ಚುನಾವಣೆಯ ಮತಪತ್ರದಲ್ಲಿ ಅಚ್ಚು ಮಾಡಬೇಕು. ಅರ್ಧಕ್ಕಿಂತ ಹೆಚ್ಚು ಮತದಾರರು 'ಹೌದು' ಎಂದರೆ ಅದು ಕಾನೂನಾಗುತ್ತದೆ. ಇಂತಹ ಪ್ರತಿಯೊಂದು ಪ್ರಸ್ತಾಪಕ್ಕೂ ಒಂದು ಸಂಖ್ಯೆ ಇರುತ್ತದೆ.

ಗಾಂಜಾ ಈ ದಾರಿಯಲ್ಲಿ ನಾಲ್ಕು ಸಲ ಮುಖ್ಯವಾಗಿ ಕಾಣಿಸಿಕೊಂಡಿತು. 1972ರಲ್ಲಿ ಬಂದ ಪ್ರಸ್ತಾಪಕ್ಕೆ ಮೂರರಲ್ಲೊಂದು ಪಾಲು ಮತ ಮಾತ್ರ ದೊರೆಯಿತು. 1996ರಲ್ಲಿ 215ನೆಯ ಪ್ರಸ್ತಾಪ ಗೆದ್ದು, ವೈದ್ಯರ ಸಲಹೆಯ ಮೇಲೆ ರೋಗಿಗಳು ಬಳಸಬಹುದೆಂದಾಯಿತು. 2010ರಲ್ಲಿ 19ನೆಯ ಪ್ರಸ್ತಾಪ ಸೋತಿತು. 2016ರಲ್ಲಿ 64ನೆಯ ಪ್ರಸ್ತಾಪ ಗೆದ್ದಿತು. ಕೊನೆಯ ಎರಡನ್ನು ಸ್ವಲ್ಪ ವಿವರವಾಗಿ ನೋಡೋಣ.

2010ರ ವಾದ ವಿವಾದ

19ನೆಯ ಪ್ರಸ್ತಾಪದ ಹೆಸರೇ 'ನಿಯಂತ್ರಿಸಿ, ಹತೋಟಿಯಲ್ಲಿಟ್ಟು ತೆರಿಗೆ ಹಾಕುವ' ಕಾಯಿದೆ. 21 ವರ್ಷ ಮೀರಿದವರು ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ, ಇಟ್ಟುಕೊಳ್ಳಬಹುದು. ಸ್ವಂತಕ್ಕಾಗಿ 25 ಚದರ ಅಡಿ, ಎಂದರೆ ಐದು ಅಡಿಗೆ ಐದು ಅಡಿಯ ಮಡಿಯಲ್ಲಿ, ಬೆಳೆದುಕೊಳ್ಳಬಹುದು. ಮಾರಾಟಕ್ಕಾಗಿ ಬೆಳೆಯಲು ಅನುಮತಿ ಕೊಡುವುದು, ಅದರ ಮೇಲೆ ತೆರಿಗೆ ಹಾಕುವುದು ಆಯಾ ಪಟ್ಟಣ ಮತ್ತು ಕೌಂಟಿಗಳಿಗೆ ಬಿಟ್ಟದ್ದು. ಓಕ್‌ಲೆಂಡ್ ನಗರದಲ್ಲಿ ಗಾಂಜಾ ಬೇಸಾಯದ ತರಬೇತಿ ಶಾಲೆ ನಡೆಸುತ್ತಿದ್ದ ರಿಚರ್ಡ್ ಲೀ ಎಂಬವರು ಇದರ ಮುಂದಾಳು.

ಪರವಾಗಿದ್ದವರ ವಾದ ಹೀಗಿತ್ತು: ರಾಜ್ಯದ ಬೊಕ್ಕಸ ಭಾರೀ ಕೊರತೆಯಲ್ಲಿದೆ, ಹೇಗಿದ್ದರೂ ಜನ ಸೇದುತ್ತಿದ್ದಾರೆ, ಆ ಹಣ ಕಳ್ಳಸಾಗಣೆದಾರರ ಕೈಗೆ ಹೋಗುವ ಬದಲು ಖಜಾನೆಗೆ ಬರಲಿ. ಸಣ್ಣ ಪ್ರಮಾಣ ಇಟ್ಟುಕೊಂಡ ತಪ್ಪಿಗೆ ಕರಿಯ ಜನಾಂಗದ ಯುವಕರನ್ನೇ ಹೆಚ್ಚಾಗಿ ಬಂಧಿಸಲಾಗುತ್ತಿದೆ, ಅದು ನಿಲ್ಲಲಿ. ಪೊಲೀಸರು ದೊಡ್ಡ ಅಪರಾಧಗಳ ಕಡೆ ಗಮನ ಕೊಡಲಿ. ವಿರೋಧಿಗಳ ವಾದ ಹೀಗಿತ್ತು: ಮತ್ತಿನಲ್ಲಿ ವಾಹನ ಓಡಿಸುವವರು, ಯಂತ್ರಗಳ ಮುಂದೆ ಕೆಲಸ ಮಾಡುವವರು ಹೆಚ್ಚುತ್ತಾರೆ, ಎಳೆಯರ ಕೈಗೆ ಸುಲಭವಾಗಿ ಸಿಗುತ್ತದೆ, ಊರಿಗೊಂದು ನಿಯಮ, ಊರಿಗೊಂದು ತೆರಿಗೆಯಾಗಿ ಗೊಂದಲವಾಗುತ್ತದೆ, ಕೇಂದ್ರ ಕಾನೂನಿನಲ್ಲಿ ನಿಷೇಧ ಹಾಗೆಯೇ ಇರುತ್ತದೆ. ಆಗಿನ ಕೇಂದ್ರದ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಅವರು, ಪ್ರಸ್ತಾಪ ಗೆದ್ದರೂ ಕೇಂದ್ರ ಕಾನೂನನ್ನು ಬಿಗಿಯಾಗಿ ಜಾರಿಮಾಡುವುದಾಗಿ ತಿಳಿಸಿದರು. ಎರಡೂ ಕಡೆಯ ವಾದಗಳಲ್ಲಿ ಹುರುಳಿತ್ತು.

ನಮಗೆ ಹೆಚ್ಚು ಪ್ರಸ್ತುತವಾದದ್ದು ಮೂರನೆಯ ದನಿ, ಬೆಳೆಗಾರರದು. ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ಹಂಬೋಲ್ಟ್ ಕೌಂಟಿಯ ರೆಡ್‌ವೇ ಎಂಬ ಊರಿನ ಸಮುದಾಯ ಭವನದಲ್ಲಿ ಬೆಳೆಗಾರರು, ಅಂಗಡಿಕಾರರು, ಅಧಿಕಾರಿಗಳು ಸಭೆ ಸೇರಿದರು. ಗಾಂಜಾ ಕಾನೂನುಬದ್ಧವಾದ ಮೇಲೆ ತಮ್ಮ ಊರಿನ ಗತಿಯೇನು ಎಂಬುದೇ ಅಲ್ಲಿ ಚರ್ಚೆಯ ವಿಷಯ. ಜುಲೈ ತಿಂಗಳಿನಲ್ಲಿ ರಾಂಡ್ ಎಂಬ ಸಂಶೋಧನಾ ಸಂಸ್ಥೆ ತನ್ನ ಅಂದಾಜು ಪ್ರಕಟಿಸಿತು. ಗಾಂಜಾ ಕಾನೂನುಬದ್ಧವಾದರೆ, ಉತ್ತಮ ದರ್ಜೆಯ ಗಾಂಜಾದ ತೆರಿಗೆರಹಿತ ಬೆಲೆ ಔನ್ಸಿಗೆ 375 ಡಾಲರಿನಿಂದ 38 ಡಾಲರಿನಷ್ಟು ಕೆಳಕ್ಕೆ ಇಳಿಯಬಹುದು ಎಂದು ಅದು ಹೇಳಿತು.

ನವೆಂಬರ್ 2ರಂದು ಮತದಾನ ನಡೆದು ಸುಮಾರು ಶೇಕಡಾ 46.5 ಪರವಾಗಿ, 53.5 ವಿರುದ್ಧವಾಗಿ ಮತ ಬಿದ್ದವು. ಪ್ರಸ್ತಾಪ ಸೋತಿತು. ಗಾಂಜಾವನ್ನೇ ನಂಬಿ ಬದುಕುತ್ತಿದ್ದ ಹಂಬೋಲ್ಟ್, ಮೆಂಡೊಸಿನೊ, ಟ್ರಿನಿಟಿ ಕೌಂಟಿಗಳಲ್ಲಿಯೂ ಬಹುಮತ 'ಬೇಡ' ಎಂದೇ ಆಗಿತ್ತು! ಹೊರಗಿನವರಿಗೆ ಇದು ವಿಚಿತ್ರವಾಗಿ ಕಂಡಿತು. ಬೆಲೆ ಎಲ್ಲಿಂದ ಬರುತ್ತಿದೆಯೆಂದು ತಿಳಿದವರಿಗೆ ಆಶ್ಚರ್ಯವಾಗಲಿಲ್ಲ.

2016ರ ಕಾನೂನು ಮತ್ತು ಅದರ ತೆರಿಗೆ

ಆರು ವರ್ಷಗಳಲ್ಲಿ ಗಾಳಿ ಬದಲಾಯಿತು. ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳು 2012ರಲ್ಲಿ ಮತದಾನದ ಮೂಲಕವೇ ಗಾಂಜಾವನ್ನು ಕಾನೂನುಬದ್ಧಗೊಳಿಸಿದ್ದವು. 2016ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ 64ನೆಯ ಪ್ರಸ್ತಾಪ ಸುಮಾರು ಶೇಕಡಾ 57 ಮತ ಪಡೆದು ಗೆದ್ದಿತು. ಹಂಬೋಲ್ಟ್ ಕೌಂಟಿಯೂ ಈ ಸಲ 'ಹೌದು' ಎಂದಿತು. ಬದಲಾವಣೆ ಹೇಗೂ ಬರುತ್ತದೆ, ಬರುವುದಾದರೆ ಸಣ್ಣವರಿಗೆ ರಕ್ಷಣೆ ಇರುವ ಕಾನೂನೇ ಬರಲಿ ಎಂಬ ಲೆಕ್ಕಾಚಾರ ಅಲ್ಲಿ ಹಲವರದಾಗಿತ್ತು.

ಅಂತಹ ರಕ್ಷಣೆಯ ಮಾತು ಕಾನೂನಿನಲ್ಲಿ ಇತ್ತು. ಒಂದು ಎಕರೆಗಿಂತ ದೊಡ್ಡ ತೋಟಗಳಿಗೆ 2023ರವರೆಗೆ ಪರವಾನಗಿ ಕೊಡುವಂತಿರಲಿಲ್ಲ. ಸಣ್ಣವರು ಕಾಲೂರಿ ನಿಲ್ಲಲು ಐದು ವರ್ಷಗಳ ಅವಕಾಶ ಇದು. ಆದರೆ 2017ರ ನವೆಂಬರಿನಲ್ಲಿ ಹೊರಬಂದ ನಿಯಮಾವಳಿಯಲ್ಲಿ, 10,000 ಚದರ ಅಡಿಯ (ಸುಮಾರು 9 ಗುಂಟೆ) ಸಣ್ಣ ಪರವಾನಗಿಗಳನ್ನು ಒಬ್ಬನೇ ಎಷ್ಟು ಪಡೆಯಬಹುದೆಂಬುದಕ್ಕೆ ಮಿತಿಯನ್ನೇ ಇಡಲಿಲ್ಲ. ಬಂಡವಾಳವಿದ್ದವರು ಸಣ್ಣ ಪರವಾನಗಿಗಳನ್ನು ಒಂದರ ಮೇಲೊಂದರಂತೆ ಹತ್ತಾರು ಪಡೆದು ದೊಡ್ಡ ತೋಟಗಳನ್ನೇ ಮಾಡಿದರು. ದಕ್ಷಿಣದ ಸಾಂಟಾ ಬಾರ್ಬರಾ ಕೌಂಟಿಯಲ್ಲಿ ಅಲಂಕಾರದ ಹೂ ಬೆಳೆಯುತ್ತಿದ್ದ ಹಸಿರುಮನೆಗಳು ಗಾಂಜಾ ಮನೆಗಳಾದವು. ಸಮತಟ್ಟಾದ ನೆಲ, ಹತ್ತಿರದ ಮಾರುಕಟ್ಟೆ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬೆಳೆ. ಬೆಟ್ಟದ ಮೇಲೆ ವರ್ಷಕ್ಕೊಮ್ಮೆ ಕೊಯ್ಯುವವನು ಇದರೊಡನೆ ಹೇಗೆ ಪೈಪೋಟಿ ನಡೆಸಬೇಕು? ಒಂದು ಕಾನೂನಿನ ಮುಖ್ಯ ಭಾಗವನ್ನು ಜನ ಓದಿ ಮತ ಹಾಕುತ್ತಾರೆ; ನಿಯಮಾವಳಿಯ ಒಂದು ಸಾಲು ಅದನ್ನು ಅರ್ಥಹೀನ ಮಾಡಬಲ್ಲದು.

ಇನ್ನು ತೆರಿಗೆ. 2018ರ ಜನವರಿ 1ರಿಂದ ಗಿರಾಕಿ ಕೊಡುವ ಬೆಲೆಯ ಮೇಲೆ ಶೇಕಡಾ 15ರಷ್ಟು ಅಬಕಾರಿ ಸುಂಕ. ಅದರ ಜೊತೆಗೆ ಸಾಗುವಳಿ ತೆರಿಗೆ: ಒಣ ಹೂವಿಗೆ ಔನ್ಸಿಗೆ 9.25 ಡಾಲರ್, ಎಲೆಗೆ 2.75 ಡಾಲರ್. ಈ ಎರಡನೆಯ ತೆರಿಗೆ ಬೆಲೆಯ ಮೇಲೆ ಹಾಕಿದ್ದಲ್ಲ, ತೂಕದ ಮೇಲೆ ಹಾಕಿದ್ದು ಎಂಬುದನ್ನು ಗಮನಿಸಿ. ಪೌಂಡಿಗೆ 16 ಔನ್ಸ್. ಆದ್ದರಿಂದ ಪೌಂಡಿಗೆ 148 ಡಾಲರ್ ತೆರಿಗೆ, ಬೆಲೆ ಏನೇ ಇರಲಿ. ಲೆಕ್ಕ ಹಾಕಿ ನೋಡೋಣ:

ಪೌಂಡಿಗೆ 1,500 ಡಾಲರ್ ಬೆಲೆ ಇದ್ದಾಗ ಈ ತೆರಿಗೆ ಬೆಲೆಯ ಶೇಕಡಾ 10.
ಪೌಂಡಿಗೆ 1,000 ಡಾಲರ್ ಇದ್ದಾಗ ಶೇಕಡಾ 15.
ಪೌಂಡಿಗೆ 500 ಡಾಲರ್ ಇದ್ದಾಗ ಶೇಕಡಾ 30.

ಹಣದುಬ್ಬರಕ್ಕೆ ತಕ್ಕಂತೆ ದರ ಏರಿಸುವ ನಿಯಮವೂ ಇತ್ತು. 2022ರ ಆರಂಭದಲ್ಲಿ ಅದು ಔನ್ಸಿಗೆ 10.08 ಡಾಲರ್, ಅಂದರೆ ಪೌಂಡಿಗೆ 161 ಡಾಲರಿಗೆ ಏರಿತು. 2021ರ ಕೊನೆಯ ಹೊತ್ತಿಗೆ ಬಯಲಿನಲ್ಲಿ ಬೆಳೆದ ಗಾಂಜಾದ ಸಗಟು ಬೆಲೆ ಹಲವು ಕಡೆ ಪೌಂಡಿಗೆ 500 ಡಾಲರಿಗಿಂತ ಕೆಳಗೆ ಬಿದ್ದಿತ್ತು. 400 ಡಾಲರಿಗೆ ಮಾರಿದವನು 161 ಡಾಲರ್, ಅಂದರೆ ಶೇಕಡಾ 40ರಷ್ಟನ್ನು, ಮೊದಲೇ ಎತ್ತಿಡಬೇಕಾಯಿತು. ಬೆಲೆ ಇಳಿಯುತ್ತಿದೆ, ತೆರಿಗೆ ಏರುತ್ತಿದೆ!

ಇದರ ಮೇಲೆ ಹಂಬೋಲ್ಟ್ ಕೌಂಟಿಯ ಸ್ವಂತ ತೆರಿಗೆ. ಬಯಲು ಬೇಸಾಯಕ್ಕೆ ಚದರ ಅಡಿಗೆ 1 ಡಾಲರ್, ಬಯಲು ಬೆಳಕಿನ ಜೊತೆ ದೀಪವನ್ನೂ ಬಳಸಿದರೆ 2, ಪೂರ್ಣ ಒಳಾಂಗಣ ಬೇಸಾಯಕ್ಕೆ 3 ಡಾಲರ್. ಒಂಬತ್ತು ಗುಂಟೆಗೆ ವರ್ಷಕ್ಕೆ 10,000 ಡಾಲರ್. ಇದು ವಿಸ್ತೀರ್ಣದ ಮೇಲಿನ ತೆರಿಗೆ. ನಮ್ಮ ಹಳೆಯ ಭೂಕಂದಾಯದಂತೆ ಬೆಳೆ ಎಷ್ಟು ಬಂದರೂ ಕೊಡಬೇಕಾದದ್ದು. ಇದನ್ನೂ 2016ರಲ್ಲಿ ಅಲ್ಲಿಯ ಮತದಾರರೇ ಒಪ್ಪಿದ್ದರು. ಬೆಲೆ ಕುಸಿದ ಮೇಲೆ 2022ರಲ್ಲಿ ಕೌಂಟಿ ಆಡಳಿತವೇ ಇದನ್ನು ಬಹಳವಾಗಿ ತಗ್ಗಿಸಬೇಕಾಯಿತು.

ತೆರಿಗೆಯ ಹೊರಗಿನ ಹೊರೆ

ತೆರಿಗೆಯೊಂದೇ ಹೊರೆಯಲ್ಲ. ಪ್ರತಿ ಗಿಡಕ್ಕೂ ಸಂಖ್ಯೆ ಬರೆದ ಚೀಟಿ ಕಟ್ಟಿ, ಬಿತ್ತನೆಯಿಂದ ಮಾರಾಟದವರೆಗೆ ಕಂಪ್ಯೂಟರಿನಲ್ಲಿ ಲೆಕ್ಕ ಇಡಬೇಕು. ಬೆಳೆಗಾರನು ಗಿರಾಕಿಗೆ ನೇರವಾಗಿ ಮಾರುವಂತಿಲ್ಲ. ಪರವಾನಗಿ ಪಡೆದ ವಿತರಕನ ಮೂಲಕವೇ ಸರಕು ಹೋಗಬೇಕು. ಕೀಟನಾಶಕದ ಶೇಷ, ಭಾರ ಲೋಹ, ಬೂಷ್ಟು ಇವುಗಳಿಗಾಗಿ ಪ್ರಯೋಗಶಾಲೆಯ ಪರೀಕ್ಷೆ ಆಗಬೇಕು. ಗಿರಾಕಿಯ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಪ್ರತಿಯೊಂದಕ್ಕೂ ಖರ್ಚಿದೆ, ಮತ್ತು ಒಂಬತ್ತು ಗುಂಟೆಯವನಿಗೂ ಹತ್ತು ಎಕರೆಯವನಿಗೂ ಕಾಗದಪತ್ರದ ಕೆಲಸ ಹೆಚ್ಚು ಕಡಿಮೆ ಒಂದೇ.

ನೀರಿನ ವಿಷಯದಲ್ಲಿ ನಿಯಮ ಬೇಕೇ ಬೇಕಾಗಿತ್ತು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಗಿಡವೊಂದಕ್ಕೆ ಬೆಳೆಯ ಕಾಲದಲ್ಲಿ ದಿನಕ್ಕೆ ಸುಮಾರು 22.7 ಲೀಟರ್ ನೀರಿನ ಲೆಕ್ಕ ಹಿಡಿದು, ಕೆಲವು ಹಳ್ಳಗಳಲ್ಲಿ ಬೇಸಿಗೆಯ ಹರಿವೆಲ್ಲ ಬೆಳೆಗೇ ಸಾಲದೆಂದು ತೋರಿಸಿದರು. ಆ ಹಳ್ಳಗಳಲ್ಲಿ ಅಳಿವಿನಂಚಿನ ಸಾಲ್ಮನ್ ಮೀನುಗಳಿವೆ. ಈಗ ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗೆ ಹಳ್ಳದಿಂದ ನೀರೆತ್ತುವಂತಿಲ್ಲ. ಚಳಿಗಾಲದ ನೀರನ್ನು ತೊಟ್ಟಿಯಲ್ಲಿ, ಹೊಂಡದಲ್ಲಿ ಕೂಡಿಟ್ಟುಕೊಳ್ಳಬೇಕು. ಕೃಷಿಹೊಂಡ ತೋಡಿದ ಅನುಭವವಿರುವ ನಮ್ಮ ರೈತರಿಗೆ ಇದರ ವೆಚ್ಚವೂ ಗೊತ್ತು, ಬೆಲೆಯೂ ಗೊತ್ತು.

ಎಲ್ಲಕ್ಕಿಂತ ದೊಡ್ಡ ತೊಡಕು ಕೇಂದ್ರ ಕಾನೂನಿನದು. ರಾಜ್ಯ ಒಪ್ಪಿದರೂ ಕೇಂದ್ರ ಒಪ್ಪದಿದ್ದುದರಿಂದ ಬಹಳಷ್ಟು ಬ್ಯಾಂಕುಗಳು ಈ ಬೆಳೆಗಾರರ ಹಣವನ್ನು ಮುಟ್ಟಲಿಲ್ಲ, ಸಾಲ ಕೊಡಲಿಲ್ಲ. ಕೇಂದ್ರದ ಬೆಳೆ ವಿಮೆ ಇಲ್ಲ. 2020ರಲ್ಲಿ ಆ ಬೆಟ್ಟ ಪ್ರದೇಶದಲ್ಲಿ ಹತ್ತು ಲಕ್ಷ ಎಕರೆಗೂ ಮೀರಿ ಕಾಡು ಸುಟ್ಟ ಬೆಂಕಿಯಲ್ಲಿ ಬೆಳೆ ಕಳೆದುಕೊಂಡ ಗಾಂಜಾ ಬೆಳೆಗಾರನಿಗೆ ಕೇಳುವವರಿರಲಿಲ್ಲ. ಬೆಳೆದ ಸರಕು ರಾಜ್ಯದ ಗಡಿ ದಾಟುವಂತಿಲ್ಲ. ಒಳಗೆ ಬೆಳೆ ಹೆಚ್ಚಾಗಿದೆ, ಹೊರಗೆ ಹೋಗಲು ದಾರಿಯಿಲ್ಲ, ಒಳಗಿನ ಪಟ್ಟಣ ಮತ್ತು ಕೌಂಟಿಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚು ಕಡೆ ಅಂಗಡಿ ತೆರೆಯಲು ಅನುಮತಿ ಸಿಗಲಿಲ್ಲ. ಬೆಲೆ ಬೀಳದೆ ಏನಾದೀತು?

ಕೊನೆಗೆ ಸರ್ಕಾರವೇ ತಿದ್ದಿಕೊಂಡಿತು

ಸಾಗುವಳಿ ತೆರಿಗೆಯನ್ನು 2022ರ ಜುಲೈ 1ರಿಂದ ರಾಜ್ಯ ಪೂರ್ತಿ ರದ್ದು ಮಾಡಿತು. ಅಬಕಾರಿ ಸುಂಕವು 2025ರ ಜುಲೈನಲ್ಲಿ ಶೇಕಡಾ 19ಕ್ಕೆ ಏರಿ, ಗದ್ದಲವೆದ್ದ ಮೇಲೆ ಅದೇ ಅಕ್ಟೋಬರ್ 1ರಿಂದ ಮತ್ತೆ 15ಕ್ಕೆ ಇಳಿಯಿತು. ಆ ಹೊತ್ತಿಗೆ ಸಾವಿರಾರು ಸಾಗುವಳಿ ಪರವಾನಗಿಗಳನ್ನು ಬೆಳೆಗಾರರು ಕೈಬಿಟ್ಟಿದ್ದರು.

ಹಾಗಾದರೆ ಈ ಕಾನೂನಿನಿಂದ ಒಳ್ಳೆಯದೇನೂ ಆಗಲಿಲ್ಲವೇ? ಆಗಿದೆ. ಖಜಾನೆಗೆ ವರ್ಷಕ್ಕೆ ಸರಿಸುಮಾರು ನೂರು ಕೋಟಿ ಡಾಲರ್ ಬಂದಿದೆ. ಅದರ ದೊಡ್ಡ ಪಾಲು ಎಳೆಯರನ್ನು ಮಾದಕ ವಸ್ತುಗಳಿಂದ ದೂರವಿಡುವ ಕಾರ್ಯಕ್ರಮಗಳಿಗೆ, ಉಳಿದದ್ದು ಪರಿಸರ ರಕ್ಷಣೆ ಮತ್ತು ಪೊಲೀಸ್ ಕೆಲಸಕ್ಕೆ ಹಂಚಿಕೆಯಾಗುತ್ತದೆ. ಸಣ್ಣ ತಪ್ಪಿಗೆ ಸೆರೆಗೆ ಹೋಗುವವರ ಸಂಖ್ಯೆ ತಗ್ಗಿದೆ. ಹಳೆಯ ಶಿಕ್ಷೆಗಳನ್ನು ದಾಖಲೆಯಿಂದ ತೆಗೆಸಿಕೊಳ್ಳಲು ಅವಕಾಶವಾಗಿದೆ. ಆದರೆ ಕಳ್ಳ ಮಾರುಕಟ್ಟೆ ಅಳಿಯಲಿಲ್ಲ. ಇಂದಿಗೂ ಆ ರಾಜ್ಯದಲ್ಲಿ ಬಳಕೆಯಾಗುವ ಗಾಂಜಾದ ಅರ್ಧಕ್ಕಿಂತ ಹೆಚ್ಚು ಭಾಗ ಪರವಾನಗಿ ಇಲ್ಲದ ದಾರಿಯಿಂದ ಬರುತ್ತದೆಂಬುದು ತಜ್ಞರ ಅಂದಾಜು. ತೆರಿಗೆ ಕೊಡದವನು ಅಗ್ಗವಾಗಿ ಮಾರುತ್ತಾನೆ. ಕಾನೂನು ಪಾಲಿಸಿದವನು ಎರಡೂ ಕಡೆಯಿಂದ ಸಿಕ್ಕಿಬಿದ್ದಿದ್ದಾನೆ.

ಉಳಿದುಕೊಂಡವರು ಈಗ ಹಿಡಿದಿರುವ ದಾರಿ ಊರಿನ ಹೆಸರು. ನಂಜನಗೂಡಿನ ರಸಬಾಳೆಗೆ, ಮೈಸೂರಿನ ವೀಳ್ಯದೆಲೆಗೆ ಇರುವಂತೆ ತಮ್ಮ ಸರಕಿಗೂ ಪ್ರದೇಶದ ಗುರುತು ಬೇಕೆಂದು ಅವರು ಕೇಳಿದರು. 2020ರ ಒಂದು ಕಾನೂನಿನ ಪ್ರಕಾರ ನೆಲದಲ್ಲಿಯೇ ನೆಟ್ಟು, ಹಸಿರುಮನೆಯಾಗಲೀ ಕೃತಕ ಬೆಳಕಾಗಲೀ ಇಲ್ಲದೆ ಬೆಳೆದದ್ದಕ್ಕೆ ಮಾತ್ರ ಅಂತಹ ಗುರುತು ಸಲ್ಲುತ್ತದೆ.

ಇದೇ ಬೆಳೆ, ಇದೇ ತೆರಿಗೆ: ನಮ್ಮ ನೆಲದ ಒಂದು ಹಳೆಯ ಉದಾಹರಣೆ

ಗಾಂಜಾಕ್ಕೆ ತೆರಿಗೆ ಹಾಕುವುದು ಅಮೆರಿಕದವರ ಹೊಸ ಶೋಧವಲ್ಲ. ಬ್ರಿಟಿಷರ ಕಾಲದಲ್ಲಿ ಬಂಗಾಳದ ನವ್‌ಗಾಂವ್ ಪ್ರದೇಶದಲ್ಲಿ (ಈಗ ಅದು ಬಾಂಗ್ಲಾದೇಶದಲ್ಲಿದೆ) ಪರವಾನಗಿ ಪಡೆದು ಗಾಂಜಾ ಬೆಳೆಯುತ್ತಿದ್ದರು. ಗಂಡು ಗಿಡಗಳನ್ನು ಗುರುತಿಸಿ ಕೀಳಲು 'ಪೊದ್ದಾರ' ಎಂಬ ನುರಿತ ಕೆಲಸಗಾರನನ್ನು ಕರೆಸುತ್ತಿದ್ದರು; ಅವನಿಗೆ 'ಗಾಂಜಾ ಡಾಕ್ಟರ್' ಎಂದೇ ಹೆಸರು. ಸರ್ಕಾರ 1893ರಲ್ಲಿ ಒಂದು ಆಯೋಗ ನೇಮಿಸಿ, 1,193 ಸಾಕ್ಷಿಗಳನ್ನು ವಿಚಾರಿಸಿತು. ಮಿತವಾದ ಬಳಕೆಗಿಂತ ಅತಿಬಳಕೆಯೇ ಹಾನಿಕರ, ಪೂರ್ಣ ನಿಷೇಧಕ್ಕಿಂತ ತೆರಿಗೆ ಮತ್ತು ಪರವಾನಗಿಯ ಮೂಲಕ ನಿಯಂತ್ರಣ ಮೇಲು ಎಂದು ಆಯೋಗ ಅಭಿಪ್ರಾಯಪಟ್ಟಿತು. ಎಳೆಯರ ಮಿದುಳಿಗೆ, ಮಾನಸಿಕ ಆರೋಗ್ಯಕ್ಕೆ ಇದರಿಂದಾಗುವ ಅಪಾಯ ಇಂದು ವೈದ್ಯರಿಗೆ ಆ ಕಾಲಕ್ಕಿಂತ ಚೆನ್ನಾಗಿ ತಿಳಿದಿದೆಯೆಂಬುದನ್ನೂ ಇಲ್ಲಿ ಹೇಳಬೇಕು.

ನಾವು ಗಮನಿಸಬೇಕಾದದ್ದು ಬೇಸಾಯಗಾರನ ಸ್ಥಿತಿ. ನವ್‌ಗಾಂವ್‌ನಲ್ಲಿ ಸರಕೆಲ್ಲ ಸರ್ಕಾರಿ ಉಗ್ರಾಣಕ್ಕೆ ಹೋಗಿ, ಅಲ್ಲಿಂದ ವ್ಯಾಪಾರಿಗಳಿಗೆ ಹೊರಡುವಾಗ ಸುಂಕ ವಸೂಲಾಗುತ್ತಿತ್ತು. ಬೆಳೆಯುವ ಪ್ರದೇಶಕ್ಕೆ ಮಿತಿಯಿತ್ತು. 1917ರಲ್ಲಿ ಬೆಳೆಗಾರರು ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡರು. ಅದರ ಲಾಭದಿಂದ ಆ ಸೀಮೆಯಲ್ಲಿ ಶಾಲೆಗಳೂ ಔಷಧಾಲಯಗಳೂ ನಡೆದವು. ಕ್ಯಾಲಿಫೋರ್ನಿಯಾದಲ್ಲಿ ತೆರಿಗೆ ಬಿದ್ದದ್ದು ಬೆಳೆಗಾರನ ತಕ್ಕಡಿಯ ಮೇಲೆ. ಬೆಳೆಯ ಒಟ್ಟು ಪ್ರಮಾಣಕ್ಕೆ ಮಿತಿಯಿರಲಿಲ್ಲ. ಎಲ್ಲರನ್ನೂ ಕೂಡಿಸಿ ಮಾರುವ ಸಂಘದ ಬಲವೂ ಇರಲಿಲ್ಲ. ಆದ್ದರಿಂದ ತೆರಿಗೆ ಎಷ್ಟು ಎಂದು ಕೇಳುವುದಷ್ಟೇ ಸಾಲದು. ಅದು ಯಾವ ಹಂತದಲ್ಲಿ, ಯಾವುದರ ಮೇಲೆ, ಯಾರ ಕೈಯಿಂದ ಎಂದು ಕೇಳಬೇಕು. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪು ಬೆಳೆಗಾರರಿಗೆ ಈ ಮಾತು ಹೊಸದಲ್ಲ. ತಂಬಾಕು ಮಂಡಳಿ ನಿಗದಿ ಮಾಡಿದ ಪ್ರಮಾಣ, ಬ್ಯಾರನ್ ಪರವಾನಗಿ, ಹರಾಜು ಕಟ್ಟೆ ಇವುಗಳ ನಡುವೆ ಅವರು ವರ್ಷ ಕಳೆಯುತ್ತಾರೆ.

ನಮ್ಮ ಕಾನೂನು ಏನು ಹೇಳುತ್ತದೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. 1985ರ ಮಾದಕ ದ್ರವ್ಯ ಮತ್ತು ಅಮಲು ಪದಾರ್ಥಗಳ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಗಾಂಜಾ ಗಿಡ ಬೆಳೆಯುವುದು ಅಪರಾಧ. ಹತ್ತು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. "ತೊಗರಿಯ ಸಾಲಿನ ನಡುವೆ ಹತ್ತು ಗಿಡ ಹಾಕಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಎಂದು ಬೀಜ ತಂದುಕೊಡುವವನು ಪೊಲೀಸರು ಬಂದ ದಿನ ಊರಿನಲ್ಲಿರುವುದಿಲ್ಲ. ಪಹಣಿಯಲ್ಲಿರುವುದು ನಿಮ್ಮ ಹೆಸರು.

ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ಇದೇ ಕಾಯಿದೆಯ 46ನೆಯ ಕಲಮಿನ ಪ್ರಕಾರ, ನಿಮ್ಮ ಜಮೀನಿನಲ್ಲಿ ಬೇರೆ ಯಾರಾದರೂ ಅಕ್ರಮವಾಗಿ ಗಾಂಜಾ ಬೆಳೆದಿದ್ದರೆ ಕೂಡಲೇ ಪೊಲೀಸರಿಗೆ ಅಥವಾ ಕಾಯಿದೆ ಹೆಸರಿಸಿದ ಇಲಾಖೆಗಳ ಅಧಿಕಾರಿಗೆ ತಿಳಿಸುವುದು ನಿಮ್ಮ ಕರ್ತವ್ಯ. ತಿಳಿದೂ ಸುಮ್ಮನಿದ್ದರೆ ನಿಮಗೂ ಶಿಕ್ಷೆ. ಜಮೀನನ್ನು ಗುತ್ತಿಗೆಗೆ, ಕೋರಿಗೆ ಕೊಟ್ಟವರು ಆಗಾಗ ಹೋಗಿ ನೋಡಿ ಬರುವುದು ಒಳ್ಳೆಯದು.

ನಾರು ಮತ್ತು ಬೀಜಕ್ಕಾಗಿ ಬೆಳೆಯುವ, ಮತ್ತಿನ ಅಂಶ ತೀರ ಕಡಿಮೆಯಿರುವ ತಳಿಗಳ ಮಾತೇ ಬೇರೆ. ಸರ್ಕಾರ ವಿಶೇಷ ಆದೇಶದಿಂದ ಅದಕ್ಕೆ ಅನುಮತಿ ಕೊಡಲು ಕಾಯಿದೆಯ 14ನೆಯ ಕಲಮಿನಲ್ಲಿ ಅವಕಾಶವಿದೆ. ಉತ್ತರಾಖಂಡ ರಾಜ್ಯ ಮತ್ತಿನ ಅಂಶ ಶೇಕಡಾ 0.3ನ್ನು ಮೀರದಂತಹ ಬೆಳೆಗೆ 2018ರಿಂದ ಪರವಾನಗಿ ಕೊಡುತ್ತಿದೆ. ಇಂತಹ ಅನುಮತಿಯ ಕಾಗದ ಕೈಗೆ ಬರುವವರೆಗೆ ಯಾರ ಮಾತಿನ ಮೇಲೂ ಒಂದು ಕಾಳು ಬಿತ್ತಬೇಡಿ.

ನೆನಪಿಡಬೇಕಾದ ಅಂಶಗಳು

ಗಾಂಜಾ ಇರಲಿ, ಬೇರೆ ಯಾವುದೇ ಹೊಸ 'ಲಾಭದ ಬೆಳೆ' ಇರಲಿ, ನಿಮ್ಮ ಊರಿಗೆ ಅದರ ಸುದ್ದಿ ಬಂದಾಗ ಈ ಐದು ಪ್ರಶ್ನೆಗಳನ್ನು ಕೇಳಿರಿ:

1. ಈಗಿನ ಬೆಲೆ ಎಲ್ಲಿಂದ ಬಂದಿದೆ? ಕೊರತೆಯಿಂದಲೇ, ನಿಷೇಧದಿಂದಲೇ, ಅಥವಾ ನಿಜವಾದ ಬೇಡಿಕೆಯಿಂದಲೇ? ಎಲ್ಲರೂ ಬೆಳೆಯತೊಡಗಿದರೆ ಅದು ಉಳಿಯುತ್ತದೆಯೇ? ವೆನಿಲಾ ಹಾಕಿದವರನ್ನು ಕೇಳಿದರೆ ಉತ್ತರ ಸಿಗುತ್ತದೆ.

2. ತೆರಿಗೆ ಅಥವಾ ಶುಲ್ಕ ಬೆಲೆಯ ಮೇಲೋ, ತೂಕದ ಮೇಲೋ, ವಿಸ್ತೀರ್ಣದ ಮೇಲೋ? ಬೆಲೆ ಅರ್ಧಕ್ಕಿಳಿದಾಗ ಅದು ಎಷ್ಟಾಗುತ್ತದೆಂದು ಬರೆದು ನೋಡಿ.

3. ಸಣ್ಣ ಹಿಡುವಳಿದಾರನಿಗೆ ಕೊಟ್ಟ ರಕ್ಷಣೆ ಕಾಯಿದೆಯಲ್ಲಿ ಮಾತ್ರ ಇದೆಯೋ, ನಿಯಮಾವಳಿಯಲ್ಲಿಯೂ ಇದೆಯೋ?

4. ಬೆಳೆ ಸಾಲ, ಬೆಳೆ ವಿಮೆ, ಹೊರ ರಾಜ್ಯದ ಮಾರುಕಟ್ಟೆ ಇವು ಮೂರೂ ಈ ಬೆಳೆಗೆ ಸಿಗುತ್ತವೆಯೇ?

5. ಮಾರುವಾಗ ನೀವು ಒಬ್ಬರೇ ನಿಲ್ಲುತ್ತೀರೋ, ಸಂಘದೊಡನೆ ನಿಲ್ಲುತ್ತೀರೋ?

ಹಂಬೋಲ್ಟ್ ಬೆಟ್ಟದ ಬೇಸಾಯಗಾರನು ಕೆಲಸ ತಿಳಿಯದವನಲ್ಲ. ಗಿಡದ ಗುಣ, ಮಣ್ಣು, ಕೊಯ್ಲಿನ ಹದ ಎಲ್ಲವೂ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದೇ ಹೋದದ್ದು ಅವನ ಬೆಲೆಯ ಬೇರು ಹೊಲದ ಹೊರಗಿದೆಯೆಂಬುದು. ಗೊತ್ತಿದ್ದವರೂ ಅದನ್ನು ಹಿಡಿದಿಡಲು ಆಗಲಿಲ್ಲ. ನಿಷೇಧ ತಂದ ಬೆಲೆ ನಿಷೇಧದೊಡನೆಯೇ ಹೋಯಿತು. ತೆರಿಗೆ ಮಾತ್ರ ಉಳಿಯಿತು. ಹೊಲದಲ್ಲಿ ಏನು ಬಿತ್ತಬೇಕೆಂದು ಯೋಚಿಸುವಷ್ಟೇ ಗಮನವನ್ನು, ಆ ಬೆಳೆಯ ಕಾನೂನನ್ನು ಓದುವುದಕ್ಕೂ ಕೊಡಿ. ಓದಿದ್ದು ತಿಳಿಯದಿದ್ದರೆ ನಿಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಬಂದು ಕೇಳಿ. ಊಟಕ್ಕೆ ಕುಳಿತಾಗಲೇ ಕೇಳಬೇಕೆಂದಿಲ್ಲ. ಸಭೆಯ ನಡುವೆಯೇ ಎದ್ದು ನಿಂತು ಕೇಳಬಹುದಾದ ಪ್ರಶ್ನೆ ಇದು.